ಚಪ್ಪಟೆಯಾದ ಅಂಚು

ಮಾರ್ಚ್ 4
ಲ್ಯಾಬಿನ ಇನ್‌ಕ್ಯುಬೇಟರಿನಿಂದ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟುಗಳನ್ನು ತೆಗೆದು ಓದಿದೆ. ಕೊನೆಯದು ತಂಗಿಯ ರಕ್ತದ್ದು. ಔಷಧಿಯಲ್ಲಿ ಅದ್ದಿದ ಕಾಗದದ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ. ಕೈವಾರದಲ್ಲಿ ಎಳೆದ ಹಾಗಿದೆ. ಔಷಧಿ ನಾಟುತ್ತದೆ ಎಂದು ರಿಪೋರ್ಟ್ ಕಳಿಸಿದೆ. ಮೇಲಿನ ವಾರ್ಡಿನಲ್ಲಿ ಡ್ರಿಪ್ ಶುರು.

ಮಾರ್ಚ್ 5
ಜ್ವರ ಇಳಿದಿದೆ. ಎದ್ದು ಕೂತಿದ್ದಾಳೆ. "ಏನೋ ಅಣ್ಣಾ, ಹರಳೆಣ್ಣೆ ಕುಡಿದೋನ ಥರ ಮುಖ? ಕಾಯಿಲೆ ನಂಗಾ, ನಿಂಗಾ?"
ನಕ್ಕೆ. ಬ್ಯಾಕ್ಟೀರಿಯಾ ಯಾವ ಜಾತಿಯದು ಎಂದು ಆಗಷ್ಟೇ ಖಚಿತವಾಗಿತ್ತು.
ಔಷಧಿಯನ್ನು ಒಡೆಯುವ ಕಿಣ್ವದ ಜೀನ್ ಅದರೊಳಗೇ ಇದೆ. ಒಂದು ಪ್ರೋಟೀನ್ ಅದನ್ನು ಅದುಮಿ ಕೂತಿರುತ್ತದೆ. ಔಷಧಿ ತಾಗಿ ಜೀವಕೋಶದ ಗೋಡೆ ಬಿರಿದರೆ, ಆ ಚೂರುಗಳೇ ಅದಕ್ಕೆ ಸುದ್ದಿ. ಪ್ರೋಟೀನ್ ಮಗ್ಗುಲು ಬದಲಿಸುತ್ತದೆ, ಜೀನ್ ಏಳುತ್ತದೆ. ತಡೆಯುವುದೂ ಅದೇ, ಎಬ್ಬಿಸುವುದೂ ಅದೇ...
ಡಿಸ್ಕುಗಳನ್ನು ದೂರದೂರ ಇಡುವುದು ನನ್ನ ಅಭ್ಯಾಸ. ವೃತ್ತಗಳು ತಾಗಬಾರದು — ನೋಡಲು ಚೊಕ್ಕ. ಈ ಜಾತಿಗೆ ಹಾಗಲ್ಲ. ಜೀನನ್ನು ಜೋರಾಗಿ ಎಬ್ಬಿಸುವ ಇನ್ನೊಂದು ಔಷಧಿಯನ್ನು ಪಕ್ಕದಲ್ಲೇ ಇಡಬೇಕಿತ್ತು. ಹಾಗೆ ಇಟ್ಟು ಹೊಸ ಪ್ಲೇಟ್ ಹಾಕಿದೆ.

ಮಾರ್ಚ್ 6
ವೃತ್ತ ದುಂಡಗಿಲ್ಲ. ಪಕ್ಕದ ಡಿಸ್ಕಿನ ಕಡೆ ಅಂಚು ಚಪ್ಪಟೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಜೀನ್ ಎದ್ದಿದೆ.
ಮೆಟ್ಟಿಲು ಹತ್ತಿ ಓಡಿದೆ. ಡಾಕ್ಟರು: "ಮೊನ್ನೆ ನೀವೇ ತಾನೇ ಸಾರ್ ಓಕೆ ಅಂದಿದ್ದು? ಜ್ವರಾನೂ ಇಲ್ಲ. ತಂಗಿ ಅಂತ ಗಾಬರಿ ಬೀಳ್ತಿದೀರ."
"ಜ್ವರ ಇಲ್ಲ ಅಂತಾನೇ ಭಯ, ಡಾಕ್ಟ್ರೇ. ಇದೇ ಔಷಧಿ ಒಳಗೊಳಗೇ ಅದನ್ನ ಎಬ್ಬಿಸ್ತಿದೆ, ಬದಲಾಯ್ಸಿ."
"ಎರಡು ದಿನ ನೋಡೋಣ."

ಮಾರ್ಚ್ 9
ಬರೆಯಲಾಗಲಿಲ್ಲ. ನಿನ್ನೆ ಅವಳಿಗೆ ಚಳಿ ಹತ್ತಿತು. ಹಲ್ಲು ಕಟಕಟ, ಮಂಚವೇ ಅಲುಗುತ್ತಿತ್ತು. ಡಾಕ್ಟರು ತಾವೇ ಕೆಳಗಿಳಿದು ಬಂದು ಲ್ಯಾಬಿನ ಬಾಗಿಲಲ್ಲಿ ನಿಂತರು. "ಔಷಧಿ ಬದಲಾಯಿಸಿದೆ." ಅಷ್ಟೇ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.
ಅವಳಿಗೆ ಎಲ್ಲ ಹೇಳಿದೆ. ಕಣ್ಣು ಮುಚ್ಚಿಯೇ ಕೇಳಿದಳು: "ಅಂದ್ರೆ, ಅದನ್ನ ಎಬ್ಬಿಸಿದ್ದು ನಾವೇನಾ?"
"ಹೂಂ."
"ಮಲಗಿರೋರನ್ನ ಎಬ್ಬಿಸೋದು ನಿಂಗೆ ಚಿಕ್ಕಂದಿನಿಂದ ಚಟ ಬಿಡು."
ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ.

ಮಾರ್ಚ್ 11, ಬೆಳಿಗ್ಗೆ
ನಿನ್ನೆ ಮತ್ತೆ ರಕ್ತ ತೆಗೆದು ಬಾಟಲಿಯ ಪೋಷಕ ದ್ರವಕ್ಕೆ ಹಾಕಿದ್ದರು. ರಕ್ತ ತಳಕ್ಕಿಳಿದು ಮೇಲಿನ ದ್ರವ ತಿಳಿಯಾಗಿಯೇ ಉಳಿದರೆ ಹೊಸ ಔಷಧಿ ಗೆಲ್ಲುತ್ತಿದೆ. ಕದಡಿದರೆ, ಅದು ಇನ್ನೂ ಅವಳೊಳಗಿದೆ.
ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿ. ರಿಪೋರ್ಟ್ ಕಳಿಸುವ ಮೊದಲು ಬಾಟಲಿಯನ್ನು ಇನ್ನೊಮ್ಮೆ ಮೆಲ್ಲಗೆ ಓರೆ ಮಾಡಿದೆ. ತಳದಿಂದ ನೂಲಿನಂಥ ಬೆಳ್ಳನೆಯ ಕದಡೊಂದು ಮೇಲಕ್ಕೆ ಎದ್ದಿತು.