ಒಗೆದ ಹೊದಿಕೆ

ಮಾರ್ಚ್ ೧೧, ಮಂಗಳವಾರ

ಬೆಕ್ಕುಗಳೆರಡೂ ಮತ್ತೆ ಬೀರುವಿನ ಹಿಂದೆ ಸೇರಿಕೊಂಡಿವೆ. ನಿನ್ನೆಯಷ್ಟೇ ಹೊರಬಂದು, ಪ್ರಾಣಿಗಳ ಶೆಲ್ಟರ್‌ನಿಂದ ಅವುಗಳ ಜೊತೆಗೇ ತಂದ ಹಳೇ ಹೊದಿಕೆಯ ಮೇಲೆ ಮುದುಡಿ ಮಲಗಿದ್ದವು. ಅದನ್ನು ಮಾತ್ರ ಒಗೆಯಬೇಡಿ, ಈ ಮನೆಯಲ್ಲಿ ಅವಕ್ಕೆ ಗೊತ್ತಿರುವ ವಾಸನೆ ಅದೊಂದೇ ಅಂತ ಶೆಲ್ಟರ್‌ನವರು ಹೇಳಿದ್ದರು. ಅಮ್ಮನಿಗೂ ಹೇಳಿದ್ದೆ. ಅವಳ ಕೈ ಸುಮ್ಮನಿರಬೇಕಲ್ಲ. ನಾನು ಕೆಲಸದಿಂದ ಬರುವಷ್ಟರಲ್ಲಿ ಹೊದಿಕೆ ತಂತಿಯ ಮೇಲೆ ಒಣಗುತ್ತಿತ್ತು.

“ಪಾಪ, ಅಂಥ ಕೊಳಕಲ್ಲಿ ಹೇಗೆ ಮಲಗ್ತಾವೆ? ಬಿಸಿನೀರಲ್ಲಿ ಚೆನ್ನಾಗಿ ಒಗ್ದೆ ಕಣೇ,” ಅಂದಳು.

ಸಂಜೆಯೆಲ್ಲ ಅವಳೇ ಬೀರುವಿನ ಮುಂದೆ ಕೂತು, ಮೀನಿನ ಚೂರು ಹಿಡಿದು ಕರೆದಳು. ಒಂದೂ ಬರಲಿಲ್ಲ.

ಈಗ ಆ ಹೊದಿಕೆಯನ್ನು ನೆಲಕ್ಕೆ ಹಾಸಿ, ಅದರ ಮೇಲೇ ಮಲಗಿ ಬರೀತಿದ್ದೀನಿ, ಸೋಪಿನ ಬದಲು ನನ್ನ ವಾಸನೆಯಾದರೂ ಅಂಟಲಿ ಅಂತ. ಅಂಟಿದರೂ ಏನು, ಅವಕ್ಕೆ ನಾನಿನ್ನೂ ಯಾರೋ.