ಬಾರದ ತಂಡದ ಎದುರು ಗೆದ್ದವಳಿಗೆ

ಮೊಮ್ಮಗಳಿಗೆ,

ಕಾಗದದ ಮೊದಲಿಗೆ ‘ಪ್ರೀತಿಯ’ ಎಂದು ಬರೆಯುವುದು ರೂಢಿ. ಇವತ್ತು ಆ ಪದಕ್ಕೆ ಕೈ ಏಳುತ್ತಿಲ್ಲ, ಬಿಟ್ಟಿದ್ದೇನೆ. ಫೋನಿನಲ್ಲೇ ಬೈಯಬಹುದಿತ್ತು. ಭಾನುವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನು ಹರಿದುಹಾಕಬಹುದು ನಿಜ, ಆದರೆ ಓದದೆ ಹರಿಯುವವಳಲ್ಲ ನೀನು. ಆ ಕುತೂಹಲ ನನ್ನಿಂದಲೇ ಬಂದದ್ದು.

ನಿನ್ನ ಫೋಟೊ ನೋಡಿದೆ. ನಿಮ್ಮಪ್ಪ ಮೊಬೈಲ್ ಹಿಡಿದು ಹೊಲಿಗೆ ಶೆಡ್ಡಿನ ತುಂಬ ಓಡಾಡಿ ಎಲ್ಲರಿಗೂ ತೋರಿಸಿದ. ಎಲ್ಲರೂ ಕಪ್ ನೋಡಿದರು. ನಾನು ನೋಡಿದ್ದು ನಿನ್ನ ಜರ್ಸಿಯನ್ನು. ನಾನೇ ಹೊಲಿದು ಇಸ್ತ್ರಿ ಮಾಡಿ ಕಳಿಸಿದ್ದು. ಎದೆಯ ಮೇಲಿನ ಇಸ್ತ್ರಿ ಗೆರೆ ಹಾಗೇ ನಿಂತಿದೆ. ಫೈನಲ್ ಗೆದ್ದವಳ ಅಂಗಿಯ ಮೇಲೆ ಒಂದು ಹನಿ ಬೆವರಿಲ್ಲ. ಬರೀ ತೊಟ್ಟ ಬಟ್ಟೆಗೂ ಆಡಿದ ಬಟ್ಟೆಗೂ ವ್ಯತ್ಯಾಸ ತಿಳಿಯದಷ್ಟು ನನ್ನ ಕಣ್ಣು ಇನ್ನೂ ಮಂಜಾಗಿಲ್ಲ ಕಣೇ.

ಶನಿವಾರ ಇಲ್ಲಿ ಏನೇನಾಯಿತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ. ಹೇಳುತ್ತೇನೆ, ಕೂತು ಓದು.

ಮಧ್ಯಾಹ್ನದ ಊಟ ಮುಗಿಸಿ ಮೆಷಿನ್ ಮುಂದೆ ಕೂತಿದ್ದೆವು. ಆಕಾಶ ಒಮ್ಮೆಲೇ ಮಸಿ ಬಳಿದಂತಾಯಿತು. ಮೊದಲು ಗಾಳಿ, ಆಮೇಲೆ ಆಲಿಕಲ್ಲು. ತಗಡಿನ ಮಾಡಿನ ಮೇಲೆ ಯಾರೋ ಮೂಟೆಗಟ್ಟಲೆ ಜಲ್ಲಿ ಸುರಿದ ಸದ್ದು. ಎದುರಿನ ಮರ ಬುಡಸಮೇತ ರಸ್ತೆಗೆ ಅಡ್ಡ ಬಿತ್ತು, ಕರೆಂಟ್ ಹೋಯಿತು. ಆ ಮರದ ಆಚೆ ಒಂದು ಬಸ್ಸು ನಿಂತಿತ್ತು. ಅದರಿಂದ ಹುಡುಗಿಯರು ತಲೆಯ ಮೇಲೆ ಚೀಲ ಹಿಡಿದು ನಮ್ಮ ಶೆಡ್ಡಿಗೆ ಓಡಿಬಂದರು. ಒಬ್ಬೊಬ್ಬಳೂ ಬಾಗಿಲ ಚೌಕಟ್ಟಿಗೆ ತಲೆ ತಗುಲದಂತೆ ಬಗ್ಗಿ ಒಳಗೆ ಬಂದದ್ದು ನೋಡಿ ನಮ್ಮ ಕತ್ತರಿ ಮಾಸ್ತರರು, “ಅಮ್ಮಾ, ಇವರಿಗೆಲ್ಲ ಅಳತೆ ತಗೊಳ್ಳೋಕೆ ನಂಗೆ ಏಣಿ ಬೇಕು” ಅಂದರು.

ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದ ಅವರ ಕೋಚ್ ಮೇಡಂ ವಿಷಯ ಹೇಳಿದಾಗಲೇ ಗೊತ್ತಾಗಿದ್ದು, ಭಾನುವಾರ ಬೆಳಿಗ್ಗೆ ನಿಮ್ಮ ಕಾಲೇಜಿನ ಒಳಾಂಗಣ ಅಂಕಣದಲ್ಲಿ ನಿನ್ನ ಎದುರು ಬ್ಯಾಸ್ಕೆಟ್‌ಬಾಲ್ ಫೈನಲ್ ಆಡಬೇಕಾದವರು ಇವರೇ ಅಂತ. ಅವರ ಊರಲ್ಲಿ ಸೆಮಿಫೈನಲ್ ಗೆದ್ದು ನೇರ ಹೊರಟಿದ್ದರು. ಮುಂದಿನ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ರಸ್ತೆ ತೆರೆಯುವುದು ಭಾನುವಾರ ಮಧ್ಯಾಹ್ನಕ್ಕೇ ಅಂತ ಇಲಾಖೆಯವರು ಹೇಳಿಹೋದರು.

ಆಗ ಒಬ್ಬ ಲಾರಿ ಡ್ರೈವರ್ ಬಂದ. ಖಾಲಿ ಲಾರಿ. ಬೆಟ್ಟದ ಹಳೇ ದಾರಿಯಲ್ಲಿ ಸುತ್ತಿ ಹೋಗುತ್ತೇನೆ, ಹುಡುಗಿಯರು ಹಿಂದೆ ಕೂರುವುದಾದರೆ ಬೆಳಗಾಗುವಷ್ಟರಲ್ಲಿ ಮುಟ್ಟಿಸುತ್ತೇನೆ ಅಂದ. ಹುಡುಗಿಯರು ಚೀಲ ಹೆಗಲಿಗೇರಿಸಿಯೂ ಆಗಿತ್ತು. ಅಡ್ಡ ನಿಂತವಳು ನಾನು. ಅಂಥ ಮಳೆಯಲ್ಲಿ ಹೆತ್ತವರ ಮಕ್ಕಳನ್ನು ತೆರೆದ ಲಾರಿಯಲ್ಲಿ ಬೆಟ್ಟ ಹತ್ತಿಸಲು ನನ್ನ ಜೀವ ಒಪ್ಪಲಿಲ್ಲ. ಬೇರೆ ದಾರಿಯೇ ಇಲ್ಲವೇ ಎಂದು ಮೇಡಂರನ್ನು ಕೇಳಿದೆ. ಎದುರಿನ ಕ್ಯಾಪ್ಟನ್ ಒಪ್ಪಿದರೆ ಆಟವನ್ನು ಸಂಜೆಗೆ ಹಾಕಬಹುದು, ಆದರೆ ಯಾರು ಒಪ್ಪುತ್ತಾರೆ ಅಂದರು. ನನಗೆ ನಗು ಬಂತು. ಎದೆ ಸೆಟೆಸಿ ಹೇಳಿದೆ, ಆ ಕ್ಯಾಪ್ಟನ್ ನನ್ನ ಮೊಮ್ಮಗಳು ಅಂತ.

ಅವರೆಲ್ಲರ ಮುಂದೆಯೇ ಸ್ಪೀಕರ್ ಹಾಕಿ ನಿನಗೆ ಫೋನ್ ಮಾಡಿದೆ. ನೀನು ಏನು ಹೇಳಿದೆ, ನೆನಪಿದೆಯೇ? “ಕಾಯ್ತೀನಿ ಅಜ್ಜಿ. ಅವರನ್ನ ಅಲ್ಲೇ ಮಲಗಿಸು.” ಹುಡುಗಿಯರು ಚಪ್ಪಾಳೆ ತಟ್ಟಿದರು. ಲಾರಿಯವನು ಅವರನ್ನು ಬಿಟ್ಟು ಹೊರಟ.

ನಿನ್ನ ಎದುರಾಳಿಗಳಿಗೆ ನಾನೇ ಬಡಿಸಿದೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜುಗಳ ಮೇಲೆ ಹಾಸಿ ಮಲಗಿಸಿದೆ. ಆದರೂ ಅವರ ಪಾದಗಳು ಹೊರಗೇ ಚಾಚಿದ್ದವು. ಅವರ ಕ್ಯಾಪ್ಟನ್ನನ್ನು ಎಲ್ಲರೂ ಕಂಬ ಅಂತ ಕರೆಯುತ್ತಾರೆ. ಅವಳ ಜರ್ಸಿಯ ಕಂಕುಳು ಹರಿದಿತ್ತು. ಲಾಟೀನು ಹಚ್ಚಿಕೊಂಡು ಅದನ್ನೂ ಹೊಲಿದುಕೊಟ್ಟೆ. ನಿನ್ನನ್ನು ಸೋಲಿಸಲು ಬಂದವಳ ಅಂಗಿ ಅಂತ ಗೊತ್ತಿದ್ದೂ ಹೊಲಿದೆ. ಆ ಮಟ್ಟಿನ ಜಂಬ ನನಗೆ ನಿನ್ನ ಮೇಲಿತ್ತು.

ಭಾನುವಾರ ಮಧ್ಯಾಹ್ನಕ್ಕೆ ಮುಂಚೆಯೇ ರಸ್ತೆ ತೆರೆಯಿತು. ಹುಡುಗಿಯರು ಬಸ್ ಹತ್ತಿದ್ದರು, ಇಂಜಿನ್ ಚಾಲೂ ಆಗಿತ್ತು. ಆಗ ನಿಮ್ಮ ಕಾಲೇಜಿನಿಂದ ಮೇಡಂಗೆ ಫೋನ್ ಬಂತು. ನೀವು ಅಂಕಣಕ್ಕೆ ಬರಲಿಲ್ಲ, ಎದುರಿನ ಕ್ಯಾಪ್ಟನ್ ಕಾಯಲು ಒಪ್ಪಲಿಲ್ಲ, ಕಪ್ ಅವರಿಗೆ ಹೋಯಿತು ಅಂತ. ಹುಡುಗಿಯರೆಲ್ಲ ಬಸ್ಸಿನ ಕಿಟಕಿಯಿಂದ ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಯಾರ ಎದುರೂ ಬಗ್ಗದ ತಲೆ ನನ್ನದು. ಅವತ್ತು ಎಲ್ಲಿಡಲಿ ಅಂತ ತಿಳಿಯಲಿಲ್ಲ.

ಕಂಬ ಕೆಳಗಿಳಿದು ಬಂದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. “ಹೋದ ವರ್ಷ ನಾವೇ ಗೆದ್ವಿ ಅಜ್ಜಿ, ಆದ್ರೆ ನಿಮ್ಮ ಮೊಮ್ಮಗಳು ನನ್ನ ಬೆವರಿಳಿಸಿದ್ಲು. ಅವಳ ಜೊತೆ ಇನ್ನೊಂದ್ಸಲ ಆಡ್ಬೇಕು ಅಂತಾನೇ ಈ ವರ್ಷ ಬಂದೆ. ಇದೇ ನನ್ನ ಕೊನೇ ವರ್ಷ” ಅಂದಳು. ಹರಿದದ್ದು ಹೊಲಿದುಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿ ಹೋದಳು. ಬಸ್ಸು ತಿರುಗಿ ಬಂದ ದಾರಿಯಲ್ಲೇ ಹೋಯಿತು. ಆ ಲಾರಿಯವನು ಬೆಳಗಿನ ಜಾವವೇ ಸುಖವಾಗಿ ನಿನ್ನ ಕಾಲೇಜಿನ ಊರು ಮುಟ್ಟಿದ್ದನಂತೆ. ಈ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ನೀನು ನಿಮ್ಮಮ್ಮನಿಗೆ ಹೇಳಿದ್ದೆಲ್ಲ ನನ್ನ ಕಿವಿಗೂ ಬಿದ್ದಿದೆ. ನಿಮ್ಮ ಕೋಚ್ ಸರ್ ಒತ್ತಾಯ ಮಾಡಿದರಂತೆ, ಗೆಳತಿಯರು ಬೇಡ ಅಂದರಂತೆ, ನಿಯಮ ಅಂದರೆ ನಿಯಮವಂತೆ. ಇದ್ದ ಬದ್ದ ಹುಲ್ಲುಕಡ್ಡಿಗಳನ್ನೆಲ್ಲ ಹಿಡಿದುಕೊಂಡಿದ್ದೀ. ನಿಮ್ಮಮ್ಮನಂತೂ, “ಆಟ ತಾನೇ ಅತ್ತೆ, ಬಿಡಿ” ಅಂದಳು. ಆಟವಾದ್ದರಿಂದಲೇ ಬಿಡುತ್ತಿಲ್ಲ. ಹೊಟ್ಟೆಪಾಡಿಗೆ ಮಾತು ತಪ್ಪಿದವರನ್ನು ಕಂಡಿದ್ದೇನೆ, ಅವರ ಕಷ್ಟ ಅವರಿಗೆ. ಒಂದು ಹಿತ್ತಾಳೆ ಲೋಟಕ್ಕೆ ತಪ್ಪಿದವಳನ್ನು ನಮ್ಮ ಮನೆಯಲ್ಲೇ ಕಾಣಬೇಕಾಯಿತಲ್ಲ!

ನಿಜ ಏನು ಅಂತ ನಾನು ಹೇಳಲೇ? ನೀನು ಹೆದರಿದೆ. ಹೋದ ವರ್ಷ ಅವರ ಕೈಯಲ್ಲಿ ಸೋತು ಬಂದು ಇದೇ ಶೆಡ್ಡಿನಲ್ಲಿ ಬಟ್ಟೆ ಗಂಟುಗಳ ಹಿಂದೆ ಕೂತು ಅತ್ತಿದ್ದೆ. ಆಗ ನಾನು ನಿನ್ನ ಬೆನ್ನು ಸವರಿದೆ. ಸೋತು ಅತ್ತವಳ ಬೆನ್ನು ಸವರಲು ನನ್ನ ಕೈಗೆ ಯಾವತ್ತೂ ಬೇಸರವಿಲ್ಲ. ಈ ಸಲವೂ ಸೋತು ಬಂದಿದ್ದರೆ ಹತ್ತಿರ ಕೂರಿಸಿಕೊಳ್ಳುತ್ತಿದ್ದೆ. ಗೆದ್ದು ಬಂದವಳನ್ನು ಏನು ಮಾಡಲಿ ಹೇಳು? ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಒಡೆದ ಮುತ್ತು ನಿನ್ನದು ಮಾತ್ರ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ನನ್ನದನ್ನೂ ಸೇರಿಸಿ ಒಡೆದಿದ್ದೀ.

ಹಾಗಾಗಿ ನಿನ್ನೆ ಸೀಟಿ ಮೇಡಂಗೆ ಫೋನ್ ಮಾಡಿದೆ. ಬರುವ ಭಾನುವಾರ ಬೆಳಿಗ್ಗೆ ಅವರ ಕಾಲೇಜಿನ ಅಂಕಣ ಖಾಲಿ ಇದೆ. ನೀನು ನಿನ್ನ ತಂಡ ಕಟ್ಟಿಕೊಂಡು ಹೋಗಬೇಕು. ಗೆಳತಿಯರು ಒಲ್ಲೆ ಅಂದರೆ ಒಬ್ಬಳೇ ಹೋಗು, ಕಂಬದ ಎದುರು ಒಬ್ಬಳಿಗೊಬ್ಬಳಾಗಿ ಆಡು. ಕಪ್ ಜೊತೆಗಿರಲಿ. ಗೆದ್ದರೆ ಮನೆಗೆ ತಾ, ನಾನೇ ಉಜ್ಜಿ ಎಲ್ಲರಿಗೂ ಕಾಣುವ ಕಡೆ ಇಡುತ್ತೇನೆ. ಸೋತರೆ ಅವಳ ಕೈಗೆ ಕೊಟ್ಟು ಬರಿಗೈಯಲ್ಲಿ ಬಾ, ಬಿಸಿ ಊಟ ಇಟ್ಟುಕೊಂಡು ಕಾಯುತ್ತಿರುತ್ತೇನೆ. ಎರಡೂ ಆಗುವುದಿಲ್ಲ ಅಂದರೆ ರಜೆಗೆ ನಿನ್ನ ಹಾಸ್ಟೆಲಿನಲ್ಲೇ ಇರು.

“ಈ ಸಲ ಖಂಡಿತ ಬರ್ತಾಳಾ ಅಮ್ಮಾ?” ಅಂತ ಮೇಡಂ ಕೇಳಿದರು. ಬರುತ್ತಾಳೆ ಅಂದೆ. ಹೋದ ಸಲ ನಿನ್ನನ್ನು ಕೇಳಿ ಮಾತು ಕೊಟ್ಟಿದ್ದೆ. ಈ ಸಲ ಕೇಳದೆ ಕೊಟ್ಟಿದ್ದೇನೆ.

ನಿನ್ನ ಕಾಲಿಗೆ ಬಲ ಬರಲಿ, ಅಂಗಿಗೆ ಬೆವರು ಹತ್ತಲಿ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಅಜ್ಜಿ