ರಿಬ್ಬನ್ ಕತ್ತರಿಸದ ಗೋದಾಮು

ಗೋದಾಮಿನ ಕಚೇರಿ,
ಮಂಗಳವಾರ, ಮಧ್ಯಾಹ್ನ

ಮುದ್ದು ಪುಟ್ಟೀ,

ಹೇಗಿದ್ದೀಯೆ? ಜ್ವರ ಬಿಟ್ಟಿತೇ? ಆಂಬುಲೆನ್ಸ್ ಡ್ರೈವರಣ್ಣ ಹೊಳೆಯಾಚೆಯಿಂದ ಬಂದಾಗ ಮೊದಲು ನಿನ್ನ ಸಮಾಚಾರವನ್ನೇ ಕೇಳಿದೆ. "ಚೆನ್ನಾಗೇ ಇದ್ದಾರಮ್ಮ, ಸ್ವಲ್ಪ ಇಳಿದುಹೋಗಿದ್ದಾರೆ ಅಷ್ಟೆ" ಅಂದ. ಅವನ ಸ್ವಲ್ಪ ಎಷ್ಟೆಂದು ನನಗೆ ಗೊತ್ತಿಲ್ಲವೇ? ಅವನ ಗಾಡಿಯ ಬ್ರೇಕೂ ಸ್ವಲ್ಪವೇ ಕೆಟ್ಟಿರುವುದು. ನಿನ್ನ ಪಾಲಿನ ಊಟವನ್ನು ಶಿಬಿರದ ಮಕ್ಕಳಿಗೆ ಹಾಕುತ್ತಿದ್ದೀಯೆ ಎಂದು ಅವನು ಬಾಯಿಬಿಟ್ಟು ಹೇಳಬೇಕಿಲ್ಲ, ಹೆತ್ತವಳು ನಾನು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಅಷ್ಟು ಜನಕ್ಕೆ ಇರುವವಳು ಒಬ್ಬ ನರ್ಸು. ಅವಳೇ ಮಲಗಿಬಿಟ್ಟರೆ ನೋಡುವವರು ಯಾರು? ಅಮ್ಮ ಬೈಯುತ್ತಾಳೆ ಎಂದು ಮುಖ ಊದಿಸಿಕೊಳ್ಳಬೇಡ. ಮೊದಲು ಎರಡು ತುತ್ತು ತಿನ್ನು, ಆಮೇಲೆ ಊದಿಸಿಕೋ.

ಅಪ್ಪ ಚೆನ್ನಾಗಿದ್ದಾರೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಸೂಜಿಗೆ ದಾರ ಪೋಣಿಸುವುದು ಮಾತ್ರ ಈಗ ನನ್ನ ಕೆಲಸವಾಗಿದೆ. ಕನ್ನಡಕ ಹಾಕಿಸೋಣ ಎಂದರೆ "ನನ್ನ ಕಣ್ಣು ಸರಿಯಾಗಿದೆ ಕಣೇ, ಈ ಮನೆಗೆ ಬೆಳಕೇ ಬರಲ್ಲ" ಎಂದು ಹಟ. ಹಟದಲ್ಲಿ ನೀನು ಯಾರನ್ನು ಹೋತಿದ್ದೀಯೆ ಎಂದು ಬೇರೆ ಕೇಳಬೇಕೇ!

ಪ್ರತಿ ಪತ್ರದಲ್ಲೂ ನಿನ್ನದು ಒಂದೇ ಪ್ರಶ್ನೆ: "ಅಮ್ಮಾ, ಬಿಸ್ಕತ್ತು ಯಾವಾಗ ಕಳಿಸ್ತೀಯ?" ಗೋದಾಮಿನ ಬೀಗದ ಕೈ ನನ್ನ ಸೊಂಟದಲ್ಲಿದೆ, ನಿಜ. ಇಲಿ ಬಾರದಂತೆ, ಗೋಡೆಯ ತೇವ ತಾಗದಂತೆ ಆ ಬಿಸ್ಕತ್ತಿನ ಪೆಟ್ಟಿಗೆಗಳನ್ನು ನಿನ್ನ ತೊಟ್ಟಿಲು ಕಾದ ಹಾಗೆ ಕಾದಿದ್ದೇನೆ. ಆದರೆ ಒಳಗಿರುವ ಮಾಲು ಕಡಲಾಚೆಯ ಸರ್ಕಾರದ್ದು. ಅವರು ಅದನ್ನು ನಮ್ಮ ಸರ್ಕಾರಕ್ಕೆ ಹಸ್ತಾಂತರ ಮಾಡುವವರೆಗೆ ಒಂದು ಪೆಟ್ಟಿಗೆಯೂ ಹೊಸ್ತಿಲು ದಾಟುವಂತಿಲ್ಲ. ಹಸ್ತಾಂತರವೆಂದರೆ ಏನು ಗೊತ್ತೇ? ಗೋದಾಮಿನ ಬಾಗಿಲಿಗೆ ರಿಬ್ಬನ್ ಕಟ್ಟಬೇಕು, ಎರಡು ಬಾವುಟ ನಿಲ್ಲಿಸಬೇಕು, ಅವರ ರಾಯಭಾರಿಯೂ ನಮ್ಮ ಮಂತ್ರಿಯೂ ಒಂದೇ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಫೋಟೊಗೆ ನಗಬೇಕು. ಲಾರಿ ಹೊರಡುವುದು ಅದಾದ ಮೇಲೆ.

ಎಲ್ಲ ಸಿದ್ಧವಾಗಿತ್ತು ಪುಟ್ಟೀ. ರಿಬ್ಬನ್ನಿನ ಅಂಚನ್ನು ಅಪ್ಪನೇ ಹೊಲಿದುಕೊಟ್ಟಿದ್ದರು. ಅಷ್ಟರಲ್ಲಿ ಕತ್ತರಿ ಯಾರ ಕೈಯಲ್ಲಿರಬೇಕು ಎಂಬ ತಕರಾರು ಎದ್ದಿತು. ಕೊಡುವವರ ಕೈಯಲ್ಲೋ, ತೆಗೆದುಕೊಳ್ಳುವವರ ಕೈಯಲ್ಲೋ? ಪಕ್ಕದಲ್ಲಿ ನಿಂತಿದ್ದ ನಾನು ತಮಾಷೆಗೆ "ಎರಡು ಕತ್ತರಿ ಇಡಿ ಸ್ವಾಮಿ" ಎಂದೆ. ಯಾರೂ ನಗಲಿಲ್ಲ. ಅದನ್ನೇ ಕಡತಕ್ಕೆ ಹಾಕಿ ಮೇಲಕ್ಕೆ ಕಳಿಸಿದರು. ಎರಡು ಕತ್ತರಿಗೆ ಒಪ್ಪಿಗೆ ಸಿಗುವಷ್ಟರಲ್ಲಿ ಅವರ ದೇಶದಲ್ಲಿ ಸರ್ಕಾರವೇ ಬದಲಾಯಿತು. ಹೊಸಬರು ಬಂದವರೇ ಹೊರದೇಶಗಳಿಗೆ ಕೊಡುವ ನೆರವನ್ನೆಲ್ಲ ನಿಲ್ಲಿಸಿ, ರಾಯಭಾರಿಯನ್ನೂ ವಾಪಸ್ ಕರೆಸಿಕೊಂಡರು. ಕೊಡುವವರೇ ಇಲ್ಲದ ಮೇಲೆ ಹಸ್ತಾಂತರ ಎಲ್ಲಿಂದ ಬಂತು?

ಕೈಕಟ್ಟಿ ಕೂತಿದ್ದೆ ಎಂದುಕೊಳ್ಳಬೇಡ. ಅವರ ರಾಯಭಾರ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಅಲ್ಲಿ ಈಗ ಉಳಿದಿರುವವನು ಒಬ್ಬ ಕಿರಿಯ ಅಧಿಕಾರಿ, ನಿನಗಿಂತ ಚಿಕ್ಕವನೇ ಇರಬೇಕು. ನಮ್ಮ ಮಾತನ್ನು ಪುಸ್ತಕ ಓದಿ ಕಲಿತಿದ್ದಾನೆ. ಏನು ಹೇಳಿದರೂ "ತಮ್ಮ ಕಳವಳವನ್ನು ನಾವು ಗಮನಿಸಿದ್ದೇವೆ" ಎನ್ನುತ್ತಾನೆ. ಅಪ್ಪ ಅವನಿಗೆ ಗಮನಿಸಿದ್ದೇವೆ ಸಾಹೇಬ ಎಂದೇ ಹೆಸರಿಟ್ಟಿದ್ದಾರೆ. ಕಳೆದ ವಾರ ನನಗೆ ತಡೆಯಲಾಗಲಿಲ್ಲ, ಕೂಗಾಡಿಬಿಟ್ಟೆ. "ನೋಡಪ್ಪಾ, ಬಿಸ್ಕತ್ತು ನಮ್ಮಮ್ಮನ ಹತ್ರ ಇದೆ, ಇವತ್ತಲ್ಲ ನಾಳೆ ಬರುತ್ತೆ ಅಂತ ನನ್ನ ಮಗಳು ದಿನಾ ಆ ತಾಯಂದಿರಿಗೆ ಹೇಳ್ತಾಳೆ. ಅಲ್ಲಿ ಮಕ್ಕಳು ಅಳೋದನ್ನೂ ಬಿಟ್ಟಿದ್ದಾವಂತೆ. ಹಸಿದ ಮಗು ಅಳೋದು ಬಿಟ್ರೆ ಏನರ್ಥ ಅಂತ ಗೊತ್ತಾ ನಿನಗೆ?" ಎಂದೆ. ಈಗಲೂ ಗಮನಿಸಿದ್ದೇವೆ ಎನ್ನುತ್ತಾನೆ ಎಂದುಕೊಂಡೆ. ಅವನು ಎದ್ದು ಹೋಗಿ ನನಗೊಂದು ಲೋಟ ನೀರು ತಂದಿಟ್ಟು, ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟ. ಅವನ ಮೇಲಾದರೂ ಸಿಟ್ಟು ಉಳಿದಿದ್ದರೆ ಚೆನ್ನಾಗಿತ್ತು, ಹಾಳಾದ್ದು ಅದೂ ಉಳಿಯಲಿಲ್ಲ.

ಒಂದು ಪೆಟ್ಟಿಗೆಯನ್ನಾದರೂ ಕದ್ದು ಕಳಿಸೋಣವೆಂದು ಡ್ರೈವರಣ್ಣನ ಸ್ಟ್ರೆಚರಿನ ಕೆಳಗೆ ತಳ್ಳಿದ್ದೆ. ಈ ವಯಸ್ಸಿನಲ್ಲಿ ಕಳ್ಳತನ! ಸೇತುವೆಯ ಮೇಲೆ ಕಾವಲಿನವರು ಹಾಸಿಗೆ ಎತ್ತಿ ನೋಡಿದರಂತೆ. ಇನ್ನೊಂದು ಸಲ ಸಿಕ್ಕಿದರೆ ಗಾಡಿಯನ್ನೇ ದಾಟಲು ಬಿಡುವುದಿಲ್ಲ ಎಂದರಂತೆ. ಗಾಡಿ ನಿಂತರೆ ನಿನಗೆ ಬರುವ ಔಷಧವೂ ನಿಲ್ಲುತ್ತದೆ. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಇಗೋ, ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಅಪ್ಪ ಹೊಲಿದ ದಪ್ಪ ಅಂಗಿ ಕಳಿಸಿದ್ದೇನೆ. ಅದನ್ನೂ ಯಾರಿಗಾದರೂ ಕೊಟ್ಟೆಯೋ, ನನ್ನ ಮೇಲಾಣೆ. ಅಪ್ಪನ ಆಶೀರ್ವಾದ, ನನ್ನದಂತೂ ಕೂತಲ್ಲಿ ನಿಂತಲ್ಲಿ ಇದ್ದೇ ಇದೆ. ಶಿಬಿರದ ತಾಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ತಾ.ಕ.: ಡ್ರೈವರಣ್ಣನನ್ನು ಕೈಸನ್ನೆಯಲ್ಲಿ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಇಷ್ಟು ಹೊತ್ತೂ ಇದನ್ನು ಬರೆಯಲು ಕೈ ಬರಲಿಲ್ಲ. ಬಿಸ್ಕತ್ತಿನ ವಾಯಿದೆ ಮುಗಿಯಿತಂತೆ. ವಾಯಿದೆ ಮುಗಿದ ಆಹಾರವನ್ನು ಯಾರಿಗೂ ಕೊಡುವಂತಿಲ್ಲವೆಂದು ನಾಳೆ ಬೆಳಗ್ಗೆ ಎಲ್ಲವನ್ನೂ ಹೊಳೆದಂಡೆಗೆ ಸಾಗಿಸಿ ಸುಡುತ್ತಾರೆ. ಅದಕ್ಕೆ ಯಾವ ಸಮಾರಂಭವೂ ಬೇಡವಂತೆ. ಬೀಗ ನಾನೇ ತೆಗೆದುಕೊಡಬೇಕು. ಇನ್ನು ಮೇಲೆ ಆ ತಾಯಂದಿರಿಗೆ ನಾಳೆ ಬರುತ್ತದೆ ಎನ್ನಬೇಡ. ಇನ್ನೊಂದು ಮಾತು, ಮರೆಯಬೇಡ. ಈ ವಾರವೆಲ್ಲ ಗಾಳಿ ನಿಮ್ಮ ಕಡೆಗೇ ಬೀಸುತ್ತಿದೆ. ಹಾಲು, ಸಕ್ಕರೆ ಹಾಕಿ ಮಾಡಿದ ಬಿಸ್ಕತ್ತು ಅದು, ವಾಸನೆ ಹೊಳೆ ದಾಟದೆ ಇರುವುದಿಲ್ಲ. ಬೆಳಕು ಹರಿಯುತ್ತಲೇ ಮಕ್ಕಳನ್ನು ಗುಡ್ಡದ ಆಚೆಗೆ ಕರೆದುಕೊಂಡು ಹೋಗು. ನಡೆಯಲಾರದವರನ್ನು ಎತ್ತಿಕೊಂಡಾದರೂ ಹೋಗಿ. ಎಲ್ಲೋ ಅಡುಗೆ ಆಗುತ್ತಿದೆ ಎಂದುಕೊಂಡು ಆ ಮಕ್ಕಳು ತಟ್ಟೆ ಹಿಡಿದು ಬಂದು ಕೂರಬಾರದು.